ನಡುವಿನೆತ್ತಿನ ಲೆಕ್ಕ

ಹಾಸನ
೮ ಜೂನ್ ೨೦೨೫

ನಟರಾಜ್,

“ಒಳಗಿನೆತ್ತಿಗೆ ನಿದ್ದೆ, ಹೊರಗಿನೆತ್ತಿಗೆ ಓಟ, ನಡುವಿನೆತ್ತಿಗೆ...” ಕಣದಲ್ಲಿ ತೆನೆ ತುಳಿಸಲು ಎತ್ತು ಹೊಡೆಯುವಾಗ ಅಪ್ಪ ಹಾಡಿನಂತೆ ಹೇಳುತ್ತಿದ್ದ ಸಾಲು. ಕೊನೆ ನೆನಪಿಗೆ ಬರುತ್ತಿಲ್ಲ. ನಡುವಿನೆತ್ತಿಗೆ ಏನು? ಅದಿರಲಿ, ಮೊದಲ ಭಾಗವಾದರೂ ನಿಜವೇ? ಕಣದ ನಟ್ಟನಡುವಿನ ಮೇಟಿ ಕಂಬದ ಪಕ್ಕದ ಎತ್ತು ನಿದ್ದೆ ಮಾಡಿದ್ದನ್ನು ನಾನು ನೋಡಿಲ್ಲ. ಇದ್ದಲ್ಲೇ ತಿರುಗಿ ತಿರುಗಿ ಅದರ ಕಣ್ಣು ಮಂಜಾಗುತ್ತಿತ್ತು, ಅಷ್ಟೆ. ಸಂಜೆ ಹೊತ್ತು ಕವಿತೆ ಓದಿಕೊಂಡು ಕೂರುವವಳು ನಾನು. ಅರ್ಧ ನೆನಪಾದ ಸಾಲು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಾಡುತ್ತದೆ. ನಿನ್ನ ಕಾಗದ ಬಂದ ದಿನದಿಂದ ಇದೇ ಆಗಿದೆ.

ಮೂವತ್ತೆರಡು ವರ್ಷದ ಮೇಲೆ ನಮ್ಮ ಹತ್ತನೇ ತರಗತಿಯವರೆಲ್ಲ ಸೇರಿ ಗುರುವಂದನೆ ಮಾಡುತ್ತಿದ್ದೀರಿ. ಹೈಸ್ಕೂಲಿನ ಹೊಂಗೆ ಮರದ ಸುತ್ತ ಪುಟ್ಟಸ್ವಾಮಿ ಮೇಷ್ಟ್ರ ಹೆಸರಿನಲ್ಲಿ ಕಲ್ಲಿನ ಕಟ್ಟೆ ಕಟ್ಟಿಸುತ್ತಿದ್ದೀರಿ. ಅಭಿನಂದನಾ ಭಾಷಣ ನಾನು ಮಾಡಬೇಕು. ಹಾಗೇ ಕಟ್ಟೆಗೆ ಚಪ್ಪಡಿ ಎಷ್ಟು ಚದರಡಿ ಬೇಕೆಂದು ಲೆಕ್ಕವನ್ನೂ ಹಾಕಿಕೊಡಬೇಕು. “ಗಣಿತದಲ್ಲಿ ಎಂ.ಎಸ್ಸಿ. ಮಾಡಿರೋಳು ನಮ್ಮಲ್ಲಿ ನೀನೊಬ್ಳೇ” ಎಂದು ಬರೆದಿದ್ದೀಯೆ. ಆ ಮರವನ್ನು ನೀನು ಮರೆತಿರಬಹುದು. ನಾನು ಮರೆತಿಲ್ಲ.

ಅರ್ಧವಾರ್ಷಿಕ ಪರೀಕ್ಷೆ. ಒಂದೇ ಕೇಂದ್ರದ ಎರಡು ವೃತ್ತ. ದೊಡ್ಡದರ ತ್ರಿಜ್ಯ ಹದಿನೇಳು, ಚಿಕ್ಕದರದು ಹನ್ನೊಂದು. ಇವುಗಳ ನಡುವಿನ ಬಳೆಯ ಕಾಲು ಭಾಗದ ವಿಸ್ತೀರ್ಣ ಎಷ್ಟು? ನೀನು ಸೂತ್ರ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆದು, ನಾಲ್ಕರಿಂದ ಭಾಗಿಸಿ, ಒಂದು ಪುಟದಲ್ಲಿ ನೂರ ಮೂವತ್ತೆರಡು ತಂದೆ. ನಾನು ಎರಡು ಸಾಲಿನಲ್ಲಿ ತಂದೆ. ಕಣದಲ್ಲಿ ಸಾಲಾಗಿ ಕಟ್ಟಿದ ಎತ್ತುಗಳಲ್ಲಿ ಒಳಗಿನದು ಎಷ್ಟು ಕಡಿಮೆ ನಡೆಯುತ್ತದೋ ಹೊರಗಿನದು ಅಷ್ಟೇ ಹೆಚ್ಚು ನಡೆಯುತ್ತದೆ. ಒಂದರ ಕೊರತೆ ಇನ್ನೊಂದರ ಹೆಚ್ಚಳದಲ್ಲಿ ತುಂಬಿಹೋಗುತ್ತದೆ. ಹಾಗಾಗಿ ನಡುವಿನೆತ್ತು ನಡೆದ ದಾರಿಯನ್ನು ಸಾಲಿನ ಅಗಲದಿಂದ ಗುಣಿಸಿದರೆ ತುಳಿದ ನೆಲವಷ್ಟೂ ಬಂತು. ಹದಿನೇಳಕ್ಕೂ ಹನ್ನೊಂದಕ್ಕೂ ನಡು ಹದಿನಾಲ್ಕು. ಅದರ ಸುತ್ತಳತೆಯ ಕಾಲು ಭಾಗ ಇಪ್ಪತ್ತೆರಡು. ಅಗಲ ಆರು. ಮುಗಿಯಿತು.

“ಸೂತ್ರ ಎಲ್ಲಿ? ದಾರೀನೇ ಇಲ್ದೆ ಊರು ಸೇರಿದ್ದೀಯಲ್ಲ” ಎಂದರು ಮೇಷ್ಟ್ರು. ಎತ್ತಿನ ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡರು, ಅದು ಚೆನ್ನಾಗಿ ನೆನಪಿದೆ. ಆಮೇಲೆ ತರಗತಿಯ ಕಡೆ ತಿರುಗಿ, “ಮುಂದಿನ ಬೆಂಚಿನ ನಟರಾಜಂದು ನೋಡಿ ಬರೆದು, ಈಗ ಎತ್ತಿನ ಕತೆ ಹೇಳ್ತಾವ್ಳೆ. ಎತ್ತಿನ ಲೆಕ್ಕ ಎತ್ತಿಗೇ ಸರಿ. ಹೋಗಮ್ಮ, ಮರ ಸುತ್ತು” ಎಂದರು. ಮಧ್ಯಾಹ್ನದ ಬೆಲ್ ಹೊಡೆಯುವವರೆಗೂ ಸುತ್ತಿದೆ. ಕಿಟಕಿಯ ತುಂಬ ನಿಮ್ಮೆಲ್ಲರ ಮುಖ.

ಅದೇ ವಾರ ಕೊಣನೂರು ಸಂತೆಯಲ್ಲಿ ಅಪ್ಪನಿಗೂ ಹೇಳಿದರು: “ಲಕ್ಕಣ್ಣ, ನಿನ್ನ ಮಗಳು ಕಾಪಿ ಹೊಡೆದು ಸಿಕ್ಕಾಕ್ಕೊಂಡ್ಲು.” ಅಪ್ಪ ನನ್ನನ್ನು ಬೈಯಲಿಲ್ಲ. ಆ ಸುಗ್ಗಿಯಲ್ಲಿ ಕಣಕ್ಕೆ ಕರೆಯಲಿಲ್ಲ, ಅಷ್ಟೆ. ಮುಂದಿನ ಸುಗ್ಗಿಗೂ ಕರೆಯಲಿಲ್ಲ. ಅದರ ಮುಂದಿನದಕ್ಕೆ ಅಪ್ಪನೇ ಇರಲಿಲ್ಲ. ಮಗಳು ಆ ಲೆಕ್ಕವನ್ನು ಎತ್ತಿಕೊಂಡದ್ದು ತನ್ನ ಕಣದಿಂದಲೇ ಎಂದು ತಿಳಿಯದೆ ಹೋದ.

ಭಾಷಣಕ್ಕೆ ಬೇರೆ ಯಾರನ್ನಾದರೂ ಹುಡುಕು. ಲೆಕ್ಕಕ್ಕೆ ಮೇಷ್ಟ್ರನ್ನೇ ಕೇಳು, ಸೂತ್ರ ಇರುವುದು ಅವರ ಬಳಿ. ನಿಮ್ಮ ವಾಟ್ಸ್ಯಾಪ್ ಗುಂಪಿಗೆ ನನ್ನನ್ನು ಸೇರಿಸಬೇಡ. ಹೇಳುವುದಿದ್ದರೆ ಕಾಗದದಲ್ಲಿ ಹೇಳು.

ಕೋಮಲಾ


ಅರಕಲಗೂಡು
೨೧ ಜೂನ್ ೨೦೨೫

ಕೋಮಲಾ ಮೇಡಂನೋರಿಗೆ,

ನನಗೆ ನಿನ್ನಂಗೆ ಬರೆಯಕ್ಕೆ ಬರಲ್ಲ. ಮಾತಾಡಿದಂಗೆ ಬರೀತೀನಿ, ಕೆಂಪು ಇಂಕಲ್ಲಿ ತಿದ್ದಿ ವಾಪಸ್ ಕಳಿಸಬೇಡ. ನೀನು ಮರ ಸುತ್ತಿದ್ದು ಗ್ಯಾಪಕ ಐತೆ ಕಣಮ್ಮ. ಆದ್ರೆ ಅದನ್ನ ಇಷ್ಟು ವರ್ಷ ಹೊತ್ತುಕೊಂಡಿದ್ದೀಯ ಅಂತ ಗೊತ್ತಿರಲಿಲ್ಲ. ವಾರಕ್ಕೊಂದು ಸಲ ನಾನೂ ಸುತ್ತುತಿದ್ದೆ. ನಾನು ಸುತ್ತಿದ್ದು ಬೀಡಿ ಸೇದಿದ್ದಕ್ಕೆ, ಅದಕ್ಕೇ ಮರೆತುಬಿಟ್ಟೆ ಅಂತ ಕಾಣುತ್ತೆ.

ನೀನು ಹೇಳಿದಂಗೇ ಮೇಷ್ಟ್ರಿಗೆ ಬರೆದು ಕೇಳಿದೆ. ಅವರೀಗ ಚನ್ನರಾಯಪಟ್ಟಣದಲ್ಲಿ ಅವರೆ, ಎಂಬತ್ತಾತು, ಕಿವಿ ಮಂದ, ಫೋನ್ ಆಗಲ್ಲ. ಅಳತೆ ಇದು: ಮರದ ಬುಡಕ್ಕೆ ಮಣ್ಣು ಬಿಡಬೇಕಲ್ಲ, ಮರದ ನಟ್ಟನಡುವಿಂದ ನಾಲ್ಕಡಿವರೆಗೆ ಮಣ್ಣು. ಅಲ್ಲಿಂದ ಹತ್ತಡಿವರೆಗೆ ಕಟ್ಟೆ. ಹಿಂದುಗಡೆ ಕಾಂಪೌಂಡ್ ಗೋಡೆ ಅಡ್ಡ ಐತೆ. ಮರದ ಹತ್ರ ನಿಂತು ನೋಡಿದ್ರೆ ಸುತ್ತಿನಲ್ಲಿ ಮೂರರಲ್ಲೊಂದು ಪಾಲು ಗೋಡೆಗೆ ಹೋಯ್ತು ಅಂತ ಬರೆದೆ. ನಕ್ಷೆ ನಿನಗೂ ಇಟ್ಟಿದ್ದೀನಿ ನೋಡು, ಚಿತ್ರ ಕೆಟ್ಟದಾಗಿ ಐತೆ.

ಈಗ ಒಂದು ಮಾತು. ಹೇಳಬೇಕೋ ಬೇಡವೋ ಅಂತ ಎರಡು ದಿನ ಅಂಗಡೀಲಿ ಸಿಮೆಂಟು ಮೂಟೆ ಮೇಲೆ ಕೂತು ಯೋಚನೆ ಮಾಡಿದೆ. ನೀನು ಆಮೇಲೆ ಬೇರೆಯವರಿಂದ ತಿಳಿದುಕೊಂಡ್ರೆ ನನ್ನನ್ನ ಬಿಡಲ್ಲ, ಅದಕ್ಕೇ ಹೇಳ್ತೀನಿ. ಮೇಷ್ಟ್ರು ಕಾರ್ಡಿನಲ್ಲಿ ಉತ್ತರ ಬರೆದವ್ರೆ. ಹಂಗೇ ಇಳಿಸ್ತೀನಿ: “ನನ್ನ ನಡುಗೆರೆ ಮಾರ್ಗದಂತೆ: ನಾಲ್ಕಕ್ಕೂ ಹತ್ತಕ್ಕೂ ನಡು ಏಳು. ಸುತ್ತಳತೆ ನಲವತ್ತನಾಲ್ಕು. ಅದರಲ್ಲಿ ಮೂರನೇ ಎರಡು ಪಾಲು. ಅಗಲ ಆರು. ಒಟ್ಟು ನೂರ ಎಪ್ಪತ್ತಾರು ಚದರಡಿ. ಒಂದು ಕಲ್ಲು ಮಿಗಬಾರದು, ಒಂದು ಕಡಿಮೆ ಬೀಳಬಾರದು. ಅದೇ ಗಣಿತ.”

“ನನ್ನ” ಅಂತ ಬರೆದವ್ರೆ. ವಿಚಾರಿಸಿದೆ. ನಮ್ಮ ನಂತರದ ಹುಡುಗರಿಗೆಲ್ಲ ಅದನ್ನ ಪುಟ್ಟಸ್ವಾಮಿ ಮೇಷ್ಟ್ರ ನಡುಗೆರೆ ಅಂತಲೇ ಗೊತ್ತು. ನಮಗಿಂತ ಐದು ವರ್ಷ ಚಿಕ್ಕೋನು ಷಡಕ್ಷರಿ, ಈಗ ರಸ್ತೆ ಕಂಟ್ರಾಕ್ಟ್ರು, ಅದನ್ನೇ ಕಲ್ಲಿನ ಮೇಲೆ ಕೆತ್ತಿಸಬೇಕು ಅಂತ ಹಟ ಹಿಡಿದವ್ನೆ: “ನಡುಗೆರೆ ಮಾರ್ಗವನ್ನು ಕಂಡ ಗುರುವಿಗೆ.” ಹೊಳೆನರಸೀಪುರದ ಮಂಚಯ್ಯ ಅಂತ ಕಲ್ಲು ಕೆಲಸದೋನು, ಅಕ್ಷರ ಎಲ್ಲಾ ಎಣಿಸ್ಕೊಂಡು ಹೋದ.

ಬೈಯ್ಯೋದಿದ್ರೆ ನನ್ನನ್ನ ಬೈಯ್ಯಿ. ಕಾಗದ ಅಲ್ವಾ, ಕೇಳ್ಸಾಕಿಲ್ಲ.

ನಟರಾಜ್


ಹಾಸನ
೩ ಜುಲೈ ೨೦೨೫

ಪೂಜ್ಯ ಗುರುಗಳಿಗೆ,

ನಾನು ತಮ್ಮ ಹಳೆಯ ವಿದ್ಯಾರ್ಥಿನಿ, ತೊಂಬತ್ತಮೂರರ ತಂಡದವಳು. ಹಾಸನದ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಗುರುವಂದನೆಯ ದಿನ ತಮ್ಮ ಬಗ್ಗೆ ಮಾತನಾಡಲು ನಟರಾಜ್ ನನ್ನನ್ನು ಕೇಳಿದ್ದಾನೆ. ನಡುಗೆರೆ ಮಾರ್ಗದ ಬಗ್ಗೆ ಕೇಳಿ ಕುತೂಹಲವಾಯಿತು. ಅದು ತಮಗೆ ಹೊಳೆದದ್ದು ಯಾವಾಗ, ಹೇಗೆ ಎಂದು ಎರಡು ಮಾತು ಬರೆದು ತಿಳಿಸಿದರೆ ಉಪಕಾರವಾಗುತ್ತದೆ. ಇಂಥ ವಿಷಯದಲ್ಲಿ ತಪ್ಪು ಹೇಳಬಾರದು ನೋಡಿ.

ತಮ್ಮ ಶಿಷ್ಯೆ,
ಕೋಮಲಾ


ಚನ್ನರಾಯಪಟ್ಟಣ
೧೪ ಜುಲೈ ೨೦೨೫

ಚಿ. ಸೌ. ಕೋಮಲಾಳಿಗೆ ಪುಟ್ಟಸ್ವಾಮಿಯ ಆಶೀರ್ವಾದಗಳು.

ನಿನ್ನ ಕಾಗದ ತಲುಪಿ ಸಂತೋಷವಾಯಿತು. ನನ್ನ ಕೈಕೆಳಗೆ ಕಲಿತವಳು ಗಣಿತವನ್ನೇ ಹಿಡಿದಿರುವುದು ನನಗೆ ಹೆಮ್ಮೆ. ಮುಖ ನೆನಪಾಗುತ್ತಿಲ್ಲ, ಬೇಸರಿಸಬೇಡ. ಎಷ್ಟೊಂದು ಮಕ್ಕಳು.

ನೀನು ಕೇಳಿದ ವಿಷಯ ಸ್ವಾರಸ್ಯದ್ದು. ಯಾವ ವರ್ಷವೋ ತಿಳಿಯದು. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ಒಬ್ಬ ಹುಡುಗಿಗೆ ಹೊಂಗೆ ಮರ ಸುತ್ತುವ ಶಿಕ್ಷೆ ಕೊಟ್ಟು ನಾನು ಜಗಲಿಯಲ್ಲಿ ಕುಳಿತಿದ್ದೆ. ಅವಳು ಒಮ್ಮೆ ಮರದ ಹತ್ತಿರಕ್ಕೆ, ಒಮ್ಮೆ ದೂರಕ್ಕೆ ಸುತ್ತಿ, ಕಡೆಗೆ ನಡುವೆ ಒಂದು ದಾರಿ ಹಿಡಿದಳು. ಮಣ್ಣಿನಲ್ಲಿ ಅವಳ ಕಾಲಿನ ಗೆರೆ ಮೂಡಿತು. ಆ ಗೆರೆಯನ್ನೇ ನೋಡುತ್ತಿದ್ದಂತೆ ಇಡೀ ಲೆಕ್ಕ ನನಗೆ ಹೊಳೆದುಬಿಟ್ಟಿತು. ಮರುವರ್ಷದಿಂದಲೇ ಕಲಿಸಲು ತೊಡಗಿದೆ.

ಆ ಹುಡುಗಿಯ ಹೆಸರು ಮರೆತಿದ್ದೇನೆ. ದಡ್ಡರಿಂದಲೂ ಗುರುವಿಗೆ ಒಂದು ಪಾಠ ಸಿಕ್ಕುತ್ತದೆ ಎಂಬುದಕ್ಕೆ ಇದು ನಿದರ್ಶನ. ಬೇಕಿದ್ದರೆ ಭಾಷಣದಲ್ಲಿ ಸೇರಿಸಿಕೋ. ಜನ ನಗುತ್ತಾರೆ.

ಇಂತಿ,
ಪುಟ್ಟಸ್ವಾಮಿ, ನಿವೃತ್ತ ಶಿಕ್ಷಕ


ಹಾಸನ
೨೦ ಜುಲೈ ೨೦೨೫

ನಟರಾಜ್,

ಮೇಷ್ಟ್ರ ಕಾಗದದ ಪ್ರತಿಯನ್ನು ಜೊತೆಗಿಟ್ಟಿದ್ದೇನೆ. ಓದು. ಕೊನೆಯ ನಾಲ್ಕು ಮಾತನ್ನು ಎರಡು ಸಲ ಓದು.

ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ. ಅದೇ ನನ್ನನ್ನು ಸುಡುವುದು. ಕದ್ದವನಿಗೆ ಕದ್ದ ನೆನಪಾದರೂ ಇದ್ದರೆ ಅವನ ಎದುರು ನಿಲ್ಲಬಹುದು. ನಾನು ಬಾಯಿಬಿಟ್ಟು ಹೇಳಿದ ಮಾತನ್ನು ಇವರು ಮನಸ್ಸಿನಿಂದ ತೊಳೆದು, ನನ್ನ ಕಾಲಿನ ಗುರುತನ್ನು ಮಾತ್ರ ಉಳಿಸಿಕೊಂಡಿದ್ದಾರೆ.

ಈಗ ನಿನಗೆ ಒಂದು ವಿಷಯ ಹೇಳುತ್ತೇನೆ. ನೂರ ಎಪ್ಪತ್ತಾರು ತಪ್ಪು ಲೆಕ್ಕ. ನಿನ್ನ ನಕ್ಷೆ ನೋಡಿದ ಕೂಡಲೇ ನನಗೆ ತಿಳಿಯಿತು. ನಡುವಿನೆತ್ತಿನ ಲೆಕ್ಕ ಸರಿಹೋಗಬೇಕಾದರೆ ಬಳೆಯ ತುಂಡನ್ನು ಮರದಿಂದ ಹೊರಟ ಗೆರೆಗಳಲ್ಲೇ ಕತ್ತರಿಸಿರಬೇಕು, ಒಬ್ಬಟ್ಟನ್ನು ನಡುವಿನಿಂದ ಕೊಯ್ದು ಪಾಲು ಮಾಡಿದ ಹಾಗೆ. ನಿಮ್ಮ ಗೋಡೆ ಮರದಿಂದ ಹೊರಟಿಲ್ಲ. ಅಡ್ಡ ಬಂದು ಅಂಚನ್ನು ಮಾತ್ರ ಮುರಿದಿದೆ. ಮರದ ಹಿಂದೆ, ಮಣ್ಣಿಗೂ ಗೋಡೆಗೂ ನಡುವೆ, ನೆಲ ಉಳಿದೇ ಇದೆ. ಅದಕ್ಕೂ ಕಲ್ಲು ಬೇಕು. ಮೇಷ್ಟ್ರು ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಲೆಕ್ಕವನ್ನು ಯಾಕೆ ಹಾಗೆ ಮಾಡಬೇಕೆಂದು ತಿಳಿದವರು ಗೋಡೆಯ ಬಗ್ಗೆ ಮೊದಲು ಕೇಳುತ್ತಿದ್ದರು. ಇವರ ಬಳಿ ಇರುವುದು ನನ್ನ ಕಾಲಿನ ಗೆರೆ, ಅಷ್ಟೆ.

ಎಷ್ಟು ಕಡಿಮೆ ಬೀಳುತ್ತದೆ ಎಂಬುದನ್ನೂ ಬರೆದಿಟ್ಟುಕೊಂಡಿದ್ದೇನೆ. ಕೊಡುವುದಿಲ್ಲ. ಮರ ಸುತ್ತಿದ ಆ ಹುಡುಗಿಯ ಹೆಸರನ್ನು ಮೇಷ್ಟ್ರು ತಾವಾಗಿ ನೆನಪು ಮಾಡಿಕೊಳ್ಳಲಿ. ಅವಳನ್ನೇ ಕೇಳಲಿ. ಒಂದು ಸಾಲು ಸಾಕು. ಮರುದಿನವೇ ಸರಿಯಾದ ಲೆಕ್ಕ ಅವರ ಕೈ ಸೇರುತ್ತದೆ. ಕೇಳದಿದ್ದರೆ, ಅವರ ಹೆಸರು ಕೆತ್ತಿದ ಕಟ್ಟೆಯಲ್ಲೇ ಅವರ ಲೆಕ್ಕ ಬಾಯಿ ತೆರೆದು ಬಿದ್ದಿರಲಿ, ಎಲ್ಲರೂ ನೋಡಲಿ.

ನೀನು ನಾಲ್ಕು ಕಲ್ಲು ಹೆಚ್ಚಿಗೆ ತರಿಸಿ ಇದನ್ನೆಲ್ಲ ಮುಚ್ಚಿಬಿಡಬಹುದು. ಮುಚ್ಚಬೇಡ. ಜೀವಮಾನದಲ್ಲಿ ನಿನ್ನಿಂದ ನಾನು ಕೇಳುತ್ತಿರುವುದು ಇದೊಂದೇ.

ಕೋಮಲಾ


ಅರಕಲಗೂಡು
೬ ಆಗಸ್ಟ್ ೨೦೨೫

ಕೋಮಲಾ,

ನಿನ್ನ ಅಪ್ಪನ ಸಾಲಿನ ಕೊನೆ ನನಗೆ ಸಿಕ್ತು: ನಡುವಿನೆತ್ತಿಗೆ ಎರಡೂ ಕಡೆ ಗುದ್ದು. ಆ ಎತ್ತು ನಾನೇ ಕಣವ್ವ.

ಭಾನುವಾರ ಚನ್ನರಾಯಪಟ್ಟಣಕ್ಕೆ ಹೋಗಿದ್ದೆ. ಕಾಫಿ ಕೊಟ್ರು. “ಸಾ, ಲೆಕ್ಕದಲ್ಲಿ ಏನೋ ಮಿಸ್ಟೇಕು ಐತಂತೆ” ಅಂತ ಕಿವೀಲಿ ಕೂಗಿದೆ. “ಯಾರಂದೋರು?” ಅಂದ್ರು. “ಅವತ್ತು ಮರ ಸುತ್ತಿದ್ಲಲ್ಲ ಸಾ, ಆ ಹುಡುಗಿ. ಅವಳ ಹೆಸರು ನೀವೇ ಗ್ಯಾಪಕ ಮಾಡ್ಕೊಂಡು ಕೇಳುದ್ರೆ ಹೇಳ್ತಾಳಂತೆ” ಅಂದೆ. ಕಾಫಿ ಲೋಟ ಕೆಳಗಿಟ್ರು. ಆಮೇಲೆ ನಕ್ಕರು. “ಲೋ ನಟರಾಜ, ಕಾಪಿ ಹೊಡೆದೋಳು ನನಗೆ ಲೆಕ್ಕ ಹೇಳ್ಕೊಡ್ತಾಳೇನ್ಲಾ? ನೂರ ಎಪ್ಪತ್ತಾರು. ಹೆಚ್ಚಿಗೆ ಒಂದು ಕಲ್ಲು ಇಳಿಸಿದ್ರೂ ನಾನು ಆ ಕಟ್ಟೆ ಮೇಲೆ ಕೂರಾಕಿಲ್ಲ” ಅಂದ್ರು.

ಮಂಚಯ್ಯ ಗೋಡೆ ನೋಡಿ ತಲೆ ಕೆರ್ಕೊಂಡ. “ಸ್ವಾಮಿ, ಇನ್ನೊಂದಷ್ಟು ಹಾಕನಾ?” ಅಂದ. ಬೇಡ, ಮೇಷ್ಟ್ರು ಹೇಳಿದಷ್ಟೇ ಅಂದೆ. ನಿನ್ನ ಮಾತೂ ಉಳೀತು, ಅವರ ಮಾತೂ ಉಳೀತು. ಕಾರ್ಯಕ್ರಮ ಸೆಪ್ಟೆಂಬರ್ ಹದಿನಾಲ್ಕು. ಬಾ ಅಂತ ಇನ್ನೊಂದು ಸಲ ಕರೆಯಲ್ಲ. ಇಂಥದ್ದನ್ನ ನೋಡೋಕೆ ಯಾರನ್ನೂ ಕರೀಬಾರದು.

ನಟರಾಜ್


ಅರಕಲಗೂಡು
೧೬ ಸೆಪ್ಟೆಂಬರ್ ೨೦೨೫

ಕೋಮಲಾ,

ನೀನು ಬರಲಿಲ್ಲ. ಅದಕ್ಕೇ ಇದ್ದದ್ದು ಇದ್ದಂಗೆ ಬರೀತೀನಿ.

ಕಲ್ಲು ಮರದ ಹಿಂದೆ ಕಡಿಮೆ ಬಿತ್ತು, ನೀನು ಹೇಳಿದ ಜಾಗದಲ್ಲೇ. ಮಧ್ಯೆ ಒಂದಡಿ ಅಗಲ, ಎರಡೂ ಪಕ್ಕ ಬರ್ತಾ ಬರ್ತಾ ದೊಡ್ಡದು. ಜಮಖಾನ ಎಳೆದು ಮುಚ್ಚಿದೆ. ಮುಚ್ಚಬೇಡ ಅಂತ ನೀನಂದಿದ್ದೆ, ಆದ್ರೆ ನನಗೆ ಕೈ ತಡೀಲಿಲ್ಲ. ಮೇಷ್ಟ್ರಿಗೆ ಪೇಟ ಇಟ್ವಿ, ಶಾಲು ಹೊದಿಸಿದ್ವಿ, ಹಾರ ಹಾಕಿದ್ವಿ. ಷಡಕ್ಷರಿ ಮೈಕಿನಲ್ಲಿ ನಡುಗೆರೆ ಬಗ್ಗೆ ಅರ್ಧ ಗಂಟೆ ಹೊಡೆದ. “ಇದೇ ಕಟ್ಟೆ ಸಾಕ್ಷಿ, ಒಂದು ಕಲ್ಲು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ” ಅಂದ. ಮೇಷ್ಟ್ರಿಗೆ ಖುಷಿಯಾಗಿ, ಸುತ್ತ ನೋಡ್ತೀನಿ ಅಂತ ಎದ್ದರು. ನಾನು ಕೈ ಹಿಡಿಯೋಕೆ ಹೋದೆ, ಬಿಡಿಸ್ಕೊಂಡ್ರು.

ಹಿಂದುಗಡೆ ಜಮಖಾನ ತೊಟ್ಟಿಲಂಗೆ ಇಳಿಬಿದ್ದಿತ್ತು. ಊರುಗೋಲಿನಿಂದ ಅಂಚು ಎತ್ತಿ ನೋಡಿದ್ರು. ಬರೀ ಮಣ್ಣು. ಷಡಕ್ಷರಿ ಓಡಿ ಬಂದು, “ಸಾರ್, ಮಂಚಯ್ಯ ಮೋಸ ಮಾಡವ್ನೆ” ಅಂದ. ಮಂಚಯ್ಯ ಅಲ್ಲೇ ಗೇಟ್ ಹತ್ರ ನಿಂತಿದ್ದ. ಮೇಷ್ಟ್ರು, “ಮೋಸ ಅವನದಲ್ಲ ಕಣೋ” ಅಂದ್ರು.

ಆಮೇಲೆ ಬುಡದ ಮಣ್ಣಿಗೆ ಇಳಿದು ಮರ ಸುತ್ತಿದ್ರು ಕೋಮಲಾ. ಪೇಟ ಇಟ್ಕೊಂಡು, ಹಾರ ಹಾಕ್ಕೊಂಡು. ಗೋಡೆ ಹತ್ರ ಬರ್ತಿದ್ದಂಗೆ ನಿಂತು ಮರ ನೋಡೋದು, ಗೋಡೆ ನೋಡೋದು, ತುಟಿ ಅಲ್ಲಾಡಿಸೋದು, ಮತ್ತೆ ಸುತ್ತೋದು. ನಾವು ಅಷ್ಟೂ ಜನ ಕುರ್ಚೀಲಿ ಕೂತು ನೋಡ್ತಾ ಇದ್ವಿ. ಕರೆದು ಕೂರಿಸೋ ಧೈರ್ಯ ಯಾರಿಗೂ ಬರಲಿಲ್ಲ. ನನಗೆ ಆ ಕಿಟಕಿ ಗ್ಯಾಪಕ ಬಂತು.

ಕೊನೆಗೆ ನನ್ನ ಹತ್ರ ಬಂದು, “ಹೆಸರೇನೋ ಅವಳದು?” ಅಂದ್ರು. “ನೀವೇ ನೆನಪು ಮಾಡ್ಕಳಿ ಸಾ” ಅಂದೆ. ಎಂಬತ್ತು ವರ್ಷದೋರಿಗೆ ಹಂಗೆ ಹೇಳಿಬಿಟ್ಟೆ ನೋಡು. ಬಹಳ ಹೊತ್ತು ನೆಲ ನೋಡಿ, “ಎತ್ತಿನ ಲೆಕ್ಕ ಹೇಳಿದ್ಲು” ಅಂದ್ರು. ಆಮೇಲೆ, “ಲಕ್ಕಣ್ಣನ ಮಗಳು. ಕೋಮಲಾ. ನನಗೆ ಕಾಗದ ಬರೆದೋಳೂ ಅವಳೇ” ಅಂದ್ರು. ಭಾಷಣ ಮಾಡಲಿಲ್ಲ. ಊಟನೂ ಮಾಡಲಿಲ್ಲ. ಬಿಡ್ತೀನಿ ಅಂದ್ರೂ ನನ್ನ ಕಾರು ಹತ್ತಲಿಲ್ಲ, ಪೇಟದಲ್ಲೇ ಬಸ್ಸು ಹತ್ತಿದ್ರು.

ನೀನು ಗೆದ್ದೆ. ಈಗಲಾದ್ರೂ ಎಷ್ಟು ಕಲ್ಲು ಕಡಿಮೆ ಅಂತ ಹೇಳವ್ವ. ಮಂಚಯ್ಯನಿಗೆ ಹೇಳಿ ಮುಗಿಸಿಬಿಡ್ತೀನಿ.

ನಟರಾಜ್


ಹಾಸನ
೨೯ ಸೆಪ್ಟೆಂಬರ್ ೨೦೨೫

ನಟರಾಜ್,

ನಿನ್ನ ಕಾಗದವನ್ನು ನಾನು ಒಂದೇ ಸಲ ಓದಿಲ್ಲ. ಮೇಷ್ಟ್ರು ಮರ ಸುತ್ತಿದ ಭಾಗವನ್ನು, ಇಷ್ಟವಾದ ಕವಿತೆಯನ್ನು ಓದುವ ಹಾಗೆ, ದಿನವೂ ಸಂಜೆ ತೆಗೆದು ಓದಿದ್ದೇನೆ. ನನಗೆ ಮರುಕ ಬರುತ್ತದೆಂದು ನೀನು ಕಾಯುತ್ತಿದ್ದರೆ, ಬಂದಿಲ್ಲ. ಅವರು ಎಷ್ಟು ಸುತ್ತು ಬಂದರೆಂದು ನೀನು ಬರೆಯಲಿಲ್ಲವಲ್ಲ ಎಂದು ಬೇಸರವಾಯಿತು. ಅವರಿಗೆ ಬೆಲ್ ಹೊಡೆಯುವವರೆಗೆ ಕಾಯಬೇಕಾಗಿರಲಿಲ್ಲ. ನಿಲ್ಲಬೇಕೆನಿಸಿದಾಗ ನಿಲ್ಲಬಹುದಿತ್ತು. ಅವರ ಅಪ್ಪನಿಗೆ ಯಾರೂ ಸಂತೆಯಲ್ಲಿ ಹೋಗಿ ಹೇಳುವುದಿಲ್ಲ.

ಕಲ್ಲಿನ ಲೆಕ್ಕ ಹೇಳುವುದಿಲ್ಲ. ಆ ಜಾಗ ಹಾಗೇ ಇರಲಿ. ಅಲ್ಲಿ ಹುಲ್ಲು ಬೆಳೆಯಲಿ. ಕೆತ್ತಿದ ಅಕ್ಷರ ಓದಿದವರು ಮರದ ಹಿಂದಕ್ಕೂ ಒಮ್ಮೆ ಹೋಗಿ ಬರಲಿ.

ಇಷ್ಟು ಬರೆದು ನಿನ್ನೆಯೇ ಅಂಚೆಗೆ ಹಾಕಬೇಕೆಂದಿದ್ದೆ. ಹಾಕಲಾಗಲಿಲ್ಲ. ನಿನ್ನೆ ಭಾನುವಾರ ಹನ್ನೊಂದರ ಹೊತ್ತಿಗೆ ಬೀದಿಯ ಕೊನೆಯಲ್ಲಿ ಆಟೋ ನಿಂತಿತು. ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಊರುಗೋಲು, ಕೈಯಲ್ಲೊಂದು ಚೀಟಿ. ಮನೆಮನೆಯ ಸಂಖ್ಯೆ ನೋಡುತ್ತ ಬರುತ್ತಿದ್ದರು. ಅದೇ ನಡಿಗೆ, ಸ್ವಲ್ಪ ಬಾಗಿದೆ. ನಾನು ಒಲೆ ಆರಿಸಿದೆ. ಬಾಗಿಲು ತಟ್ಟಿದರು. ನಾನು ಮಿಸುಕಲಿಲ್ಲ. ಗಂಟೆಯ ಗುಂಡಿ ಎಲ್ಲಿದೆ ಎಂದು ಅವರಿಗೆ ತಿಳಿಯಲಿಲ್ಲ, ಮತ್ತೆ ತಟ್ಟಿದರು. “ಅಮ್ಮ ಕೋಮಲಾ” ಎಂದು ಒಮ್ಮೆ ಕರೆದರು. ತರಗತಿಯಲ್ಲಿ ಹಾಜರಿ ಕೂಗುತ್ತಿದ್ದರಲ್ಲ, ಆ ದನಿಯಲ್ಲ. ಬಾಗಿಲಿಗೂ ನನಗೂ ನಡುವೆ ನಾಲ್ಕು ಹೆಜ್ಜೆ ಇತ್ತು. ಅವರು ಮೆಟ್ಟಿಲ ಮೇಲೆ ಕುಳಿತ ಸದ್ದು ಕೇಳಿತು. ಎಷ್ಟೋ ಹೊತ್ತಿನ ಮೇಲೆ ಎದ್ದು ಹೋದ ಸದ್ದೂ ಕೇಳಿತು.

ಬೀದಿ ಖಾಲಿಯಾದ ಮೇಲೆ ಬಾಗಿಲು ತೆರೆದೆ. ಎದುರುಮನೆಯ ನೀಲಗಂಗಮ್ಮ ಖಾಲಿ ನೀರಿನ ಚೊಂಬು ಹಿಡಿದು ಅಲ್ಲೇ ನಿಂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಒಳಗೇ ಇದ್ಯೇನವ್ವ? ನಾನು ಇಲ್ಲ ಅಂದ್ಬುಟ್ನಲ್ಲ. ಯಾರೋ ವಯಸ್ಸಾದೋರು, ಪಾಪ, ಒಂದು ಚೊಂಬು ನೀರು ಕುಡುದ್ರು. ಏನ್ ಎಸ್ರು ಏಳ್ಲಿ ಸ್ವಾಮಿ ಅಂದ್ರೆ, ‘ಕಾಪಿ ವಡೆದೋನು ಬಂದಿದ್ದ ಅಂತ ಏಳಮ್ಮ, ಅವ್ಳಿಗೆ ಗೊತ್ತಾಯ್ತದೆ’ ಅಂದ್ರು. ಆ ವಯಸ್ಸಲ್ಲಿ ಅವ್ರು ಎಂತದ್ದವ್ವ ಕಾಪಿ ವಡೆಯೋದು?”